ಹಳೆಯ ಜೀಪಿನ ಹೀಟರ್ ಬಿಸಿಯಾಗುತ್ತಿಲ್ಲವೇ? ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಥರ್ಮೋಸ್ಟಾಟ್ ನೋಡಿ

ಪ್ರಶ್ನೆ: ನಮ್ಮದು ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟ. 2006ರ ಡೀಸೆಲ್ ಜೀಪು ಇದೆ, ಮೂರು ವರ್ಷದ ಹಿಂದೆ ಕಡೂರು ಕಡೆಯವರಿಂದ ತಗೊಂಡಿದ್ದು. ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಮಾತ್ರ ಬರುತ್ತದೆ. ಏರು ರಸ್ತೆಯಲ್ಲಿ ಸ್ವಲ್ಪ ಪರವಾಗಿಲ್ಲ, ಚಾರ್ಮಾಡಿ ಘಾಟಿ ಇಳಿಯುವಾಗ ಪೂರ್ತಿ ತಣ್ಣಗಾಗುತ್ತದೆ. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುವುದೇ ಅಪರೂಪ. ತಿಂಗಳಿಗೆ ಅರ್ಧ ಲೀಟರ್‌ನಷ್ಟು ನಲ್ಲಿ ನೀರು ಹಾಕುತ್ತೇನೆ. ಆಗಾಗ ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಶಬ್ದ ಕೇಳುತ್ತದೆ. ಎಸಿ ಚೆನ್ನಾಗಿದೆ. ಗ್ಯಾರೇಜಿನವರು ಹೀಟರ್ ಕಾಯಿಲ್ ಕಟ್ಟಿಕೊಂಡಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಅನ್ನುತ್ತಾರೆ. ಮಳೆಗಾಲದಲ್ಲಿ ಮುಂದಿನ ಗಾಜು ಮಬ್ಬಾಗಿ ರಸ್ತೆಯೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಡ್ಯಾಶ್‌ಬೋರ್ಡ್ ಈಗಲೇ ಇಳಿಸಬೇಡಿ. ಕಾಯಿಲ್ ಕಟ್ಟಿಕೊಂಡಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಬರೆದಿರುವ ಲಕ್ಷಣಗಳು ಬೇರೆ ಕಡೆ ಕೈ ತೋರಿಸುತ್ತಿವೆ. ನಿಮ್ಮ ಗಾಡಿಯಲ್ಲಿ ಇಂಜಿನ್ನೇ ಸರಿಯಾಗಿ ಬಿಸಿಯಾಗುತ್ತಿಲ್ಲ. ಜೊತೆಗೆ ನೀರಿನ ದಾರಿಯಲ್ಲಿ ಗಾಳಿ ಸೇರಿಕೊಂಡಿದೆ. ಇವೆರಡನ್ನೂ ಬಾನೆಟ್ ಎತ್ತಿ, ಸಾಮಾನ್ಯ ಸ್ಪ್ಯಾನರ್‌ಗಳಿಂದಲೇ ಸರಿ ಮಾಡಬಹುದು. ಡ್ಯಾಶ್‌ಬೋರ್ಡ್ ಇಳಿಸುವುದು ಕಟ್ಟಕಡೆಯ ಕೆಲಸ. ಹಳೆಯ ಗಾಡಿಯಲ್ಲಿ ಒಮ್ಮೆ ಇಳಿಸಿದರೆ ಪ್ಲಾಸ್ಟಿಕ್ ಲಾಕುಗಳು ಮುರಿಯುತ್ತವೆ, ವೈರುಗಳು ಸಡಿಲವಾಗುತ್ತವೆ, ಆಮೇಲೆ ಮಣ್ಣು ರಸ್ತೆಯಲ್ಲಿ ಗಡಗಡ ಶಬ್ದ ಶುರುವಾಗುತ್ತದೆ. ಕಾರಣ ಖಚಿತವಾಗದೆ ಅದಕ್ಕೆ ಕೈ ಹಾಕಬಾರದು.

ಹೀಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಇಂಜಿನ್ನಿನಲ್ಲಿ ಬಿಸಿಯಾದ ನೀರು ಒಂದು ರಬ್ಬರ್ ಪೈಪಿನಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ಕಾಯಿಲ್‌ಗೆ ಹೋಗುತ್ತದೆ. ಇನ್ನೊಂದು ಪೈಪಿನಲ್ಲಿ ವಾಟರ್ ಪಂಪಿಗೆ ವಾಪಸ್ ಬರುತ್ತದೆ. ಬ್ಲೋವರ್ ಆ ಕಾಯಿಲ್ ಮೂಲಕ ಗಾಳಿ ಊದುತ್ತದೆ. ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು. ಇಂಜಿನ್ ನೀರು ಸಾಕಷ್ಟು ಬಿಸಿಯಾಗುತ್ತಿದೆಯೇ? ಆ ನೀರು ಕಾಯಿಲ್ ತನಕ ತಲುಪುತ್ತಿದೆಯೇ? ಗಾಳಿ ಆ ಕಾಯಿಲ್ ಮೂಲಕವೇ ಹಾದು ಬರುತ್ತಿದೆಯೇ? ಇದೇ ಕ್ರಮದಲ್ಲಿ ನೋಡಬೇಕು. ನಿಮ್ಮ ಗ್ಯಾರೇಜಿನವರು ಮೊದಲನೆಯದನ್ನು ಬಿಟ್ಟು ಎರಡನೆಯದರ ಕೊನೆಗೆ ಹೋಗಿದ್ದಾರೆ.

ಮುಳ್ಳಿನ ವಿಷಯಕ್ಕೆ ಬರೋಣ. ಇಂಜಿನ್ ಬಿಸಿಯಾದ ಮೇಲೆ ಟೆಂಪರೇಚರ್ ಮುಳ್ಳು ಹೆಚ್ಚಿನ ಗಾಡಿಗಳಲ್ಲಿ ಅರ್ಧದ ಆಸುಪಾಸಿನಲ್ಲಿ ನಿಲ್ಲಬೇಕು. ಏರಾಗಲಿ ಇಳಿಜಾರಾಗಲಿ, ಹೆಚ್ಚು ಅಲ್ಲಾಡಬಾರದು. ಹಾಗೆ ನಿಲ್ಲಿಸುವುದೇ ಥರ್ಮೋಸ್ಟಾಟ್ ಕೆಲಸ. ಅದು ಕೆರೆಯ ತೂಬಿದ್ದ ಹಾಗೆ. ಒಳಗಿನ ಮೇಣ ಕರಗಿ ಹಿಗ್ಗುವ ತನಕ ರೇಡಿಯೇಟರ್ ಕಡೆಗೆ ನೀರು ಬಿಡುವುದಿಲ್ಲ. ಹಳೆಯ ಡೀಸೆಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು 82 ಡಿಗ್ರಿಗೆ ತೆರೆಯಲು ಶುರುವಾಗುತ್ತದೆ. ಅಲ್ಲಿಯವರೆಗೆ ನೀರು ಇಂಜಿನ್ ಮತ್ತು ಹೀಟರ್ ನಡುವೆಯೇ ಸುತ್ತುತ್ತಾ ಬೇಗ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೆ, ಅಥವಾ ಅದು ಇಲ್ಲವೇ ಇಲ್ಲದಿದ್ದರೆ, ಮೊದಲ ನಿಮಿಷದಿಂದಲೇ ಎಲ್ಲಾ ನೀರೂ ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ಬರುತ್ತದೆ.

ಈಗ ಚಾರ್ಮಾಡಿ ಇಳಿಜಾರನ್ನು ನೆನಪಿಸಿಕೊಳ್ಳಿ. ಗೇರಿನಲ್ಲಿ ಹಿಡಿದು ಇಳಿಸುವಾಗ ಇಂಜಿನ್ ಹೆಚ್ಚುಕಡಿಮೆ ಡೀಸೆಲ್ ಸುಡುವುದೇ ಇಲ್ಲ. ಡೀಸೆಲ್ ಇಂಜಿನ್ ಭಾರವಿಲ್ಲದಾಗ ಪೆಟ್ರೋಲ್ ಇಂಜಿನ್ನಿಗಿಂತಲೂ ತಣ್ಣಗೆ ಓಡುತ್ತದೆ. ಎದುರಿನಿಂದ ಘಾಟಿಯ ತಂಪು ಗಾಳಿ ರೇಡಿಯೇಟರ್‌ಗೆ ಬಡಿಯುತ್ತಿರುತ್ತದೆ. ಥರ್ಮೋಸ್ಟಾಟ್ ಸರಿ ಇದ್ದರೆ ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿ ಬಿಸಿಯನ್ನು ಕಾಪಾಡುತ್ತದೆ. ನಿಮ್ಮದರಲ್ಲಿ ಮುಚ್ಚುತ್ತಿಲ್ಲ. ಏರಿನಲ್ಲಿ ಸ್ವಲ್ಪ ಬಿಸಿ, ಇಳಿಜಾರಿನಲ್ಲಿ ತಣ್ಣಗೆ ಅನ್ನುವ ನಿಮ್ಮ ಒಂದು ಮಾತೇ ಸಾಕು. ಕಾಯಿಲ್ ಮಾತ್ರ ಕಟ್ಟಿಕೊಂಡಿದ್ದರೆ ಗಾಳಿ ತಣ್ಣಗಿರುತ್ತಿತ್ತು, ಆದರೆ ಮುಳ್ಳು ಅರ್ಧಕ್ಕೇ ನಿಂತಿರುತ್ತಿತ್ತು.

ಗಾಡಿ ಕಡೂರು ಕಡೆಯದು ಅಂದಿರಲ್ಲ, ಅದೂ ಮುಖ್ಯ. ಜಿಲ್ಲೆ ಒಂದೇ ಆದರೂ ಕಡೂರು ಕಡೆಯ ಬಿಸಿಲೇ ಬೇರೆ, ಮೂಡಿಗೆರೆಯ ಹವೆಯೇ ಬೇರೆ. ಬಯಲುಸೀಮೆಯಲ್ಲಿ ಹೀಟರ್ ಯಾರಿಗೂ ಬೇಡ. ಇಂಜಿನ್ ಕಾಯುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಹಳೆಯ ಅಭ್ಯಾಸ. ಅದರ ಜೊತೆಗೆ ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಅದನ್ನು ಸದಾ ತಿರುಗುವಂತೆ ಡೈರೆಕ್ಟ್ ಕೊಟ್ಟುಬಿಡುತ್ತಾರೆ. ಇಂಥ ಗಾಡಿ ಮಲೆನಾಡಿಗೆ ಬಂದರೆ ವರ್ಷದ ಆರು ತಿಂಗಳು ಬಿಸಿಯೇ ಆಗುವುದಿಲ್ಲ.

ಈ ಅಭ್ಯಾಸದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಇಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ತಣ್ಣಗಿನ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಸುಡುವುದಿಲ್ಲ. ಹೊಗೆ ಜಾಸ್ತಿ, ಮೈಲೇಜ್ ಕಡಿಮೆ. ಸುಡದ ಡೀಸೆಲ್ ಮತ್ತು ನೀರಿನಾವಿ ಆಯಿಲ್‌ಗೆ ಸೇರುತ್ತವೆ. ಬಿಸಿ ಸಾಲದೆ ಆ ಆವಿ ಹೊರಗೆ ಹೋಗುವುದಿಲ್ಲ, ಆಯಿಲ್ ಕೆಸರಾಗುತ್ತದೆ. ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನೂ ಒಂದು ವಿಷಯ. ಕೆಲವು ಇಂಜಿನ್‌ಗಳ ಥರ್ಮೋಸ್ಟಾಟ್ ಕೆಳಗೆ ಎರಡನೇ ತಟ್ಟೆ ಇರುತ್ತದೆ. ಇಂಜಿನ್ ಕಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಸುಮ್ನೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಚಳಿಯಲ್ಲಿ ತಣ್ಣಗಿರುವ ಇದೇ ಇಂಜಿನ್ ಬೇಸಿಗೆಯಲ್ಲಿ ಲೋಡು ಹಾಕಿ ಘಾಟಿ ಹತ್ತಿಸಿದರೆ ಕುದಿಯುತ್ತದೆ.

ನನ್ನ ಮಾತನ್ನು ನೀವೇ ಪರೀಕ್ಷಿಸಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ. ಇಂಜಿನ್ನಿನಿಂದ ರೇಡಿಯೇಟರ್ ತಲೆಗೆ ಹೋಗುವ ದಪ್ಪ ಪೈಪನ್ನು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಆ ಪೈಪು ತುಂಬಾ ಹೊತ್ತು ತಣ್ಣಗೇ ಇರುತ್ತದೆ. ಆಮೇಲೆ ಒಮ್ಮೆಗೇ ಕೈ ಇಡಲಾರದಷ್ಟು ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋಗುತ್ತದೆ. ಹೆಚ್ಚಿನ ಹಳೆಯ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಈ ಪೈಪಿನ ಬುಡದಲ್ಲೇ ಇರುವುದರಿಂದ ಇದು ನಂಬುವಂಥ ಪರೀಕ್ಷೆ. ಕೈ ಹಾಕುವಾಗ ಫ್ಯಾನ್ ಮತ್ತು ಬೆಲ್ಟಿನಿಂದ ದೂರ ಇರಿ. ಚಳಿ ಅಂತ ಕುತ್ತಿಗೆಗೆ ಸುತ್ತಿದ ಮಫ್ಲರ್, ಶಾಲು ತೆಗೆದಿಟ್ಟೇ ಬಗ್ಗಿ.

ಕೈಯ ಅಂದಾಜು ಸಾಲದು ಅನ್ನಿಸಿದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಬಳಸಬಹುದು. ಕೊರೋನಾ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರುವುದಿಲ್ಲ, ಅದು ಮೈ ಜ್ವರದ ಅಳತೆಯನ್ನಷ್ಟೇ ತೋರಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಗನ್ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಕಪ್ಪು ರಬ್ಬರ್ ಪೈಪಿನ ಮೇಲೆ ಹಿಡಿಯಿರಿ.

ಇಂಜಿನ್ ತಣ್ಣಗಾದ ಮೇಲೆ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿಸಿ. ಒಳಗೆ ಏನೂ ಇಲ್ಲದಿದ್ದರೆ ಉತ್ತರ ಸಿಕ್ಕಿತು. ಇದ್ದರೆ ದಾರ ಕಟ್ಟಿ, ಒಂದು ಹಳೆಯ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಒಲೆ ಮೇಲಿಡಿ. ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್ ಇರಲಿ. ಅದರ ಮೈಮೇಲೆ ಒತ್ತಿರುವ ಅಂಕಿಯ ಹತ್ತಿರ ತೆರೆಯಲು ಶುರುವಾಗಬೇಕು, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರಿದಾಗ ಪೂರ್ತಿ ತೆರೆದಿರಬೇಕು. ನಮ್ಮ ಕಡೆ ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 88 ಡಿಗ್ರಿಯ ಥರ್ಮೋಸ್ಟಾಟ್ ಪಾತ್ರೆಯಲ್ಲಿ ಪೂರ್ತಿ ತೆರೆಯಲಿಲ್ಲ ಎಂದು ಅದನ್ನು ಕೆಟ್ಟಿದೆ ಅಂದುಕೊಳ್ಳಬೇಡಿ. ತಣ್ಣಗಾದಾಗ ಬಿಗಿಯಾಗಿ ಮುಚ್ಚುತ್ತದೆಯೇ ಅನ್ನುವುದು ನಿಮಗೆ ಹೆಚ್ಚು ಮುಖ್ಯ. ಸಂದಿಯಲ್ಲಿ ಬೆಳಕು ಕಂಡರೆ ಬದಲಿಸಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಹೊಸದನ್ನು ನಿಮ್ಮ ಇಂಜಿನ್ ನಂಬರ್ ಹೇಳಿಯೇ ತನ್ನಿ. ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರುವಂತೆ ಕೂರಿಸಬೇಕು. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ. ಸ್ಪ್ರಿಂಗ್ ಮತ್ತು ಮೇಣದ ಭಾಗ ಇಂಜಿನ್ ಕಡೆಗೆ ಇರಬೇಕು. ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಬಿಡಿಭಾಗಕ್ಕೆ ಕೆಲವು ನೂರು ರೂಪಾಯಿ. ಡ್ಯಾಶ್‌ಬೋರ್ಡ್ ಇಳಿಸುವ ಕೂಲಿಯ ಮುಂದೆ ಇದು ಏನೂ ಅಲ್ಲ.

ಇನ್ನು ಗುಳುಗುಳು ಶಬ್ದ. ಕಾಯಿಲ್ ಇರುವುದು ನೀರಿನ ದಾರಿಯ ಎತ್ತರದ ಜಾಗದಲ್ಲಿ. ನೀರು ಕಡಿಮೆಯಾದರೆ ಗಾಳಿ ಸೇರುವುದೂ ಮೊದಲು ಅಲ್ಲೇ. ಅರ್ಧ ನೀರು, ಅರ್ಧ ಗಾಳಿ ಇದ್ದರೆ ಕಾಯಿಲ್ ಬಿಸಿಯಾಗುವುದಿಲ್ಲ. ಬರೀ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ನೋಡಿ ನೀರಿದೆ ಅಂದುಕೊಳ್ಳಬೇಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಟ್ಯಾಂಕ್ ತುಂಬಿದ್ದರೂ ರೇಡಿಯೇಟರ್ ಖಾಲಿ ಇರಬಹುದು.

ಗಾಳಿ ತೆಗೆಯಲು ನಮ್ಮ ರಸ್ತೆಗಳೇ ಅನುಕೂಲ. ಇಂಜಿನ್ ತಣ್ಣಗಿರುವಾಗ ಗಾಡಿಯ ಮುಂಭಾಗ ಏರಿನ ಕಡೆ ಬರುವಂತೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಈಗ ರೇಡಿಯೇಟರ್ ಮುಚ್ಚಳ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ಮುಚ್ಚಳ ತೆಗೆದು ಬಾಯಿಯವರೆಗೆ ಕೂಲಂಟ್ (ಬರೀ ನೀರಿನ ಬದಲು ಹಾಕುವ ದ್ರವ, ವಿವರ ಮುಂದಿದೆ) ತುಂಬಿಸಿ. ಹೀಟರ್ ಲಿವರ್ ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿ. ಮೇಲಿನ ದಪ್ಪ ಪೈಪನ್ನೂ ಹೀಟರ್ ಪೈಪುಗಳನ್ನೂ ಆಗಾಗ ಹಿಂಡಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಗುಳ್ಳೆ ನಿಂತ ಮೇಲೆ, ನೀರು ಕುದಿಯುವ ಮೊದಲೇ, ಮುಚ್ಚಳ ಹಾಕಿ. ಥರ್ಮೋಸ್ಟಾಟ್ ಹತ್ತಿರ ಅಥವಾ ಹೀಟರ್ ಪೈಪಿನ ಮೇಲೆ ಗಾಳಿ ತೆಗೆಯುವ ಬೋಲ್ಟ್ ಇದ್ದರೆ ಕೆಲಸ ಇನ್ನೂ ಸುಲಭ. ಅದನ್ನು ಸ್ವಲ್ಪ ಸಡಿಲಿಸಿ, ಗುಳ್ಳೆಯಿಲ್ಲದ ನೀರು ಬಂದ ಮೇಲೆ ಬಿಗಿ ಮಾಡಿ. ಮಾರನೇ ದಿನ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡದಿಂದಾಗಿ ಒಳಗಿನ ನೀರು ಕುದಿಯದೆ ನೂರು ಡಿಗ್ರಿ ದಾಟಿರಬಹುದು. ಮುಚ್ಚಳ ತೆಗೆದ ಕ್ಷಣ ಅದು ಆವಿಯಾಗಿ ಮುಖಕ್ಕೆ ಹಾರುತ್ತದೆ.

ಹಾಗೆಯೇ ಇನ್ನೊಂದು ಸೂಚನೆ. ಬಿಸಿ ಬರುತ್ತಿದ್ದ ಹೀಟರ್ ಏರಿನಲ್ಲಿ ಇದ್ದಕ್ಕಿದ್ದಂತೆ ತಣ್ಣಗಾದರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ. ನೀರು ಸೋರಿ ಹೋಗಿದೆ ಅನ್ನುವುದರ ಮೊದಲ ಗುರುತು ಅದು. ಮುಳ್ಳನ್ನು ನಂಬಬೇಡಿ. ಸೆನ್ಸರ್ ಸುತ್ತ ನೀರೇ ಇಲ್ಲದಿದ್ದರೆ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ನಲ್ಲಿ ನೀರು ಹಾಕುವುದನ್ನು ಇಂದಿನಿಂದಲೇ ನಿಲ್ಲಿಸಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ ಮಾತ್ರ. ತುಕ್ಕು ತಡೆಯುವುದು ಮತ್ತು ಕುದಿಯುವ ಮಟ್ಟ ಏರಿಸುವುದು ನಮಗೆ ಬೇಕಾದ ಕೆಲಸ. ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್‌ನ ಸಣ್ಣ ಕೊಳವೆಗಳಲ್ಲಿ ಪದರವಾಗಿ ಕೂರುತ್ತದೆ. ತೋಟದ ಒರತೆ ನೀರಿನಲ್ಲಿ ಸುಣ್ಣ ಕಡಿಮೆ ಇರಬಹುದು, ಆದರೆ ತುಕ್ಕನ್ನು ಅದೂ ತಡೆಯುವುದಿಲ್ಲ. ಇಂಜಿನ್ನಿನ ತುಕ್ಕು ಕಳಚಿ ಬಂದು ಸೇರುವುದೂ ಕಾಯಿಲ್‌ನಲ್ಲೇ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಹಾಕಿ, ಅಥವಾ ಬೆರೆಸಿಯೇ ಬರುವ ಡಬ್ಬ ತನ್ನಿ. ಹಳೆಯ ಬಗೆಯ ಹಸಿರು ಕೂಲಂಟನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಬಣ್ಣ ಬೇರೆ, ಕಂಪನಿ ಬೇರೆ ಎಂದು ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಸುರಿಯಬೇಡಿ. ಒಂದಕ್ಕೊಂದು ಹೊಂದದಿದ್ದರೆ ಒಳಗೆ ಜೆಲ್ಲಿಯಂತೆ ಗಟ್ಟಿಯಾಗಬಹುದು.

ತೋಟದ ಮನೆಯಲ್ಲಿ ನಾಯಿ ಇದ್ದೇ ಇರುತ್ತದೆ, ಅಲ್ವಾ? ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಅದೇ ಕಾರಣಕ್ಕೆ ನಾಯಿ, ಬೆಕ್ಕು ನೆಕ್ಕುತ್ತವೆ. ಅದು ವಿಷ, ಮೂತ್ರಪಿಂಡ ಹಾಳಾಗಿ ಸಾಯುತ್ತವೆ. ಹಳೆಯದನ್ನು ಅಂಗಳಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಕ್ಯಾನಿಗೆ ತುಂಬಿಸಿ ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು ಗ್ಯಾರೇಜಿಗೆ ಕೊಡಿ.

ಇಷ್ಟಾದ ಮೇಲೆ ಮುಳ್ಳು ಅರ್ಧಕ್ಕೆ ಬಂದು ನಿಲ್ಲಬೇಕು. ಆಗ ಹೀಟರ್ ಹಾಕಿ, ವೆಂಟಿನ ಬಾಯಲ್ಲಿ ಅಡುಗೆ ಥರ್ಮಾಮೀಟರ್ ಹಿಡಿಯಿರಿ. 50 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಿಮ್ಮ ಹೀಟರ್ ಆರೋಗ್ಯವಾಗಿದೆ. ಬರದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಬಾನೆಟ್ ಒಳಗೆ ಕ್ಯಾಬಿನ್ ಕಡೆಯ ತಗಡಿನ ಗೋಡೆಗೆ ಎರಡು ಸಣ್ಣ ರಬ್ಬರ್ ಪೈಪುಗಳು ಹೋಗಿರುತ್ತವೆ. ಇಂಜಿನ್ ಬಿಸಿ ಇರುವಾಗ ಎರಡನ್ನೂ ಮುಟ್ಟಿ ನೋಡಿ. ಸೆಕೆಂಡ್‌ಹ್ಯಾಂಡ್ ಗಾಡಿಯಾದ್ದರಿಂದ ಮೊದಲು ಅವು ನಿಜವಾಗಿ ಗೋಡೆಯೊಳಗೆ ಹೋಗಿವೆಯೇ ನೋಡಿಕೊಳ್ಳಿ. ಕಾಯಿಲ್ ಸೋರಿದಾಗ ಎರಡೂ ಪೈಪುಗಳನ್ನು ಹೊರಗೇ ಒಂದಕ್ಕೊಂದು ಜೋಡಿಸಿ ಕೈ ತೊಳೆದುಕೊಳ್ಳುವುದುಂಟು. ಹಾಗಿದ್ದರೆ ಬಿಸಿ ಬರುವುದು ಸಾಧ್ಯವೇ ಇಲ್ಲ. ನಿಮ್ಮದರಲ್ಲಿ ಸ್ವಲ್ಪವಾದರೂ ಬಿಸಿ ಬರುತ್ತಿರುವುದರಿಂದ ಆ ಸಂಶಯ ಕಡಿಮೆ.

ಎರಡೂ ಪೈಪು ತಣ್ಣಗಿದ್ದರೆ ಕಾಯಿಲ್‌ಗೆ ನೀರೇ ಬರುತ್ತಿಲ್ಲ ಅಂತ ಅರ್ಥ. ಹಲವು ಹಳೆಯ ಗಾಡಿಗಳಲ್ಲಿ ಈ ಪೈಪಿನ ನಡುವೆ ಕೇಬಲ್‌ನಿಂದ ತಿರುಗುವ ವಾಲ್ವ್ ಇರುತ್ತದೆ. ವರ್ಷಗಟ್ಟಲೆ ಹೀಟರ್ ಹಾಕದಿದ್ದರೆ ಅದು ಮುಚ್ಚಿದಲ್ಲೇ ಹಿಡಿದುಕೊಳ್ಳುತ್ತದೆ, ಇಲ್ಲವೇ ಕೇಬಲ್ ಕ್ಲಿಪ್ ಕಳಚಿರುತ್ತದೆ. ಒಳಗಿಂದ ಒಬ್ಬರು ಲಿವರ್ ಎಳೆಯಲಿ, ಹೊರಗೆ ನೀವು ನೋಡಿ. ವಾಲ್ವಿನ ತೋಳು ಪೂರ್ತಿ ತಿರುಗಬೇಕು. ಎಕ್ಸಲೇಟರ್ ಕೊಟ್ಟಾಗ ಮಾತ್ರ ಬಿಸಿ, ಬಿಟ್ಟರೆ ತಣ್ಣಗೆ ಆಗುತ್ತಿದ್ದರೆ ನೀರು ಇನ್ನೂ ಕಡಿಮೆ ಇದೆ, ಅಥವಾ ವಾಟರ್ ಪಂಪಿನ ಒಳಗಿನ ರೆಕ್ಕೆಗಳು ತುಕ್ಕು ಹಿಡಿದು ಸವೆದಿವೆ.

ಒಂದು ಪೈಪು ಕೈ ಇಡಲಾಗದಷ್ಟು ಬಿಸಿ, ಇನ್ನೊಂದು ಉಗುರುಬೆಚ್ಚಗೆ ಇದ್ದರೆ ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿ. ಕಾಯಿಲ್ ಕಟ್ಟಿಕೊಂಡಿದೆ. ಆಗಲೂ ಡ್ಯಾಶ್‌ಬೋರ್ಡ್ ಮುಟ್ಟದೆ ಒಮ್ಮೆ ತೊಳೆದು ನೋಡಬಹುದು. ಇಂಜಿನ್ ತಣ್ಣಗಾದ ಮೇಲೆ ಎರಡೂ ಪೈಪು ಬಿಚ್ಚಿ. ಹಳೆಯ ರಬ್ಬರ್ ಅಂಟಿಕೊಂಡಿದ್ದರೆ ತಿರುಚಿ ಎಳೆಯಬೇಡಿ, ಒಳಗಿನ ಕೊಳವೆ ಬೆಸುಗೆಯಲ್ಲಿ ಸೀಳುತ್ತದೆ. ಬ್ಲೇಡಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿ ತೆಗೆದು, ಹೊಸ ಪೈಪು ಹಾಕಿ. ಆಮೇಲೆ ನೀರು ಹೊರಗೆ ಬರುವ ಕಡೆಯಿಂದ, ಅಂದರೆ ತಿರುಗುಮುರುಗಾಗಿ, ತೋಟದ ಪೈಪಿನಿಂದ ನಿಧಾನವಾಗಿ ನೀರು ಬಿಡಿ. ಇನ್ನೊಂದು ತುದಿಗೆ ಬಕೆಟ್ ಹಿಡಿಯಿರಿ. ಕೆಂಪು ತುಕ್ಕು, ಬಿಳಿ ಚಕ್ಕೆ ಬರುತ್ತವೆ. ಆಚೆ ಈಚೆ ದಿಕ್ಕು ಬದಲಿಸುತ್ತಾ ನೀರು ತಿಳಿಯಾಗುವ ತನಕ ಮಾಡಿ. ಕೊನೆಗೆ ಒಂದಿಷ್ಟು ಡಿಸ್ಟಿಲ್ಡ್ ವಾಟರ್ ಹರಿಸಿ ನಲ್ಲಿ ನೀರನ್ನು ಹೊರಹಾಕಿ.

ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಮನೆಯಲ್ಲೇ ಇದೆ, ಅದನ್ನೇ ಹಚ್ಚಿದರೆ ಚೆನ್ನಾಗಿ ಹೋಗುತ್ತದೆ ಅಂತ ಅನ್ನಿಸಬಹುದು. ಖಂಡಿತ ಬೇಡ. ಕಾಯಿಲ್ ದಿನವೂ ತಡೆಯುವ ಒತ್ತಡ ಸುಮಾರು 1 ಬಾರ್. ಸ್ಪ್ರೇಯರ್ ಅದರ ಹತ್ತು ಪಟ್ಟಿಗೂ ಮೀರಿ ಕೊಡುತ್ತದೆ. ವಾಟರ್ ಸರ್ವಿಸ್ ಗನ್ ಕೂಡ ಹಾಗೆಯೇ. ಹದಿನೆಂಟು ವರ್ಷ ದಾಟಿದ ಕಾಯಿಲ್ ಒಡೆದರೆ ಆಗ ನಿಜವಾಗಿಯೂ ಡ್ಯಾಶ್‌ಬೋರ್ಡ್ ಇಳಿಸಬೇಕಾಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಇವೂ ಬೇಡ, ಅಲ್ಯೂಮಿನಿಯಂ ಕರಗುತ್ತದೆ. ರೇಡಿಯೇಟರ್ ಫ್ಲಶ್ ಎಂದೇ ಸಿಗುವ ದ್ರವ ತಂದು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಮಾತ್ರ ಬಳಸಿ. ಸೋರಿಕೆ ನಿಲ್ಲಿಸುವ ಪುಡಿ, ಪೇಸ್ಟುಗಳನ್ನು ಹಾಕಿಸಲೇಬೇಡಿ. ಸೋರುವ ತೂತಿನ ಜೊತೆಗೆ ಕಾಯಿಲ್‌ನ ಸಣ್ಣ ಕೊಳವೆಗಳನ್ನೂ ಅವು ಮುಚ್ಚುತ್ತವೆ.

ಎರಡೂ ಪೈಪು ಚೆನ್ನಾಗಿ ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ತೊಂದರೆ ಗಾಳಿಯ ದಾರಿಯಲ್ಲಿದೆ. ಬಿಸಿ–ತಂಪು ಬದಲಿಸುವ ಫ್ಲಾಪಿನ ಕೇಬಲ್ ಕಳಚಿರಬಹುದು, ಫ್ಲಾಪಿನ ಸ್ಪಂಜು ಉದುರಿ ತಣ್ಣನೆ ಗಾಳಿ ಬೆರೆಯುತ್ತಿರಬಹುದು. ಬ್ಲೋವರ್ ಮೇಲಿನ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಸಿಲ್ವರ್ ಮರದ ಕೆಳಗೆ ಗಾಡಿ ನಿಲ್ಲಿಸುವವರು ವೈಪರ್ ಕೆಳಗಿನ ಜಾಲರಿ ತೆಗೆದು ನೋಡಲೇಬೇಕು. ಎಲೆ ಕೊಳೆತು ಗಾಳಿಯ ದಾರಿ ಮುಚ್ಚಿರುತ್ತದೆ. ಬ್ಲೋವರ್ ಒಳಗೆ ಇಲಿ ಗೂಡು ಕಟ್ಟಿರುವುದೂ ನಮ್ಮ ಕಡೆ ಹೊಸದಲ್ಲ.

ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಅದು ಮಳೆ ನೀರೋ ಕೂಲಂಟೋ ತಿಳಿದುಕೊಳ್ಳಿ. ಕೂಲಂಟ್ ಬೆರಳಿಗೆ ಜಾರುಜಾರಾಗಿ ಹತ್ತುತ್ತದೆ, ಬಣ್ಣ ಇರುತ್ತದೆ, ಸಿಹಿ ವಾಸನೆ ಬರುತ್ತದೆ. ಗಾಜಿನ ಒಳಗೆ ಒರೆಸಿದರೂ ಹೋಗದ ಎಣ್ಣೆಯಂಥ ಮಬ್ಬು ಕೂರುತ್ತದೆ. ಹಾಗಿದ್ದರೆ ಕಾಯಿಲ್ ಸೋರುತ್ತಿದೆ, ಬದಲಿಸಲೇಬೇಕು. ರುಚಿ ನೋಡಲು ಹೋಗಬೇಡಿ.

ಗಾಜಿನ ಮಬ್ಬಿಗೆ ಹೀಟರ್ ಸರಿಯಾಗುವ ತನಕ ಕಾಯಬೇಕಿಲ್ಲ. ಎಸಿ ಚೆನ್ನಾಗಿದೆ ಅಂದಿದ್ದೀರಿ, ಅದನ್ನೇ ಬಳಸಿ. ಮಳೆಗಾಲದಲ್ಲಿ ಎಸಿ ಯಾಕೆ ಅಂತ ಹೆಚ್ಚಿನವರು ಮುಟ್ಟುವುದೇ ಇಲ್ಲ. ಗಾಳಿ ಮೊದಲು ಎಸಿಯ ಕೂಲಿಂಗ್ ಕಾಯಿಲ್ ದಾಟುತ್ತದೆ, ಅಲ್ಲಿ ಅದರ ತೇವ ನೀರಾಗಿ ಇಳಿದುಹೋಗುತ್ತದೆ. ಆಮೇಲೆ ಹೀಟರ್ ಕಾಯಿಲ್ ದಾಟಿ ಬೆಚ್ಚಗಾಗುತ್ತದೆ. ಒಣಗಿದ ಬಿಸಿ ಗಾಳಿ ಗಾಜನ್ನು ಬೇಗ ತಿಳಿ ಮಾಡುತ್ತದೆ. ಎಸಿ ಆನ್, ಹೀಟರ್ ಬಿಸಿಗೆ, ಗಾಳಿ ಗಾಜಿನ ಕಡೆಗೆ, ಹೊರಗಿನ ಗಾಳಿ ಒಳಗೆ ಬರುವ ಲಿವರ್ ತೆರೆದಿರಲಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಾಲ್ಕು ಜನರ ಉಸಿರು, ಒದ್ದೆ ಕಂಬಳಿಕೊಪ್ಪೆ, ಛತ್ರಿಗಳ ತೇವವೆಲ್ಲ ಗಾಜಿಗೇ ಬಂದು ಕೂರುತ್ತದೆ. ಘಾಟಿ ಇಳಿಯುವ ಮೊದಲೇ ಕೊಟ್ಟಿಗೆಹಾರದಲ್ಲಿ ಇದನ್ನು ಹಾಕಿಕೊಳ್ಳಿ. ತಿರುವಿನಲ್ಲಿ ಗಾಜು ಒರೆಸುತ್ತಾ ಕೂರುವ ಪರಿಸ್ಥಿತಿ ಬರಬಾರದು.

ಹೀಟರ್ ಹಾಕಿದಾಗ ಹೊಗೆ ವಾಸನೆ ಬಂದರೆ ತಡ ಮಾಡದೆ ಸೈಲೆನ್ಸರ್ ಪೈಪಿನ ಜೋಡಣೆಗಳನ್ನು ತೋರಿಸಿ. ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಎಂದು ಇಂಜಿನ್ ಓಡುತ್ತಾ ಬಿಟ್ಟು, ಗಾಜು ಏರಿಸಿ ಗಾಡಿಯಲ್ಲೇ ಮಲಗುವುದನ್ನು ನಿಮ್ಮ ಡ್ರೈವರಿಗೂ ಬೇಡವೆಂದು ಹೇಳಿ.

ಉಳಿದಿದ್ದು ತಿಂಗಳಿಗೆ ಅರ್ಧ ಲೀಟರ್. ಅದು ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕದೆ ಹೊಸ ಕೂಲಂಟ್ ತುಂಬಿಸಿದರೆ ಅದೂ ಹೋಗುತ್ತದೆ, ಗುಳುಗುಳು ಮತ್ತೆ ಬರುತ್ತದೆ. ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ತಣ್ಣಗಿನ ಇಂಜಿನ್ನಿಗೆ ಕೈ ಪಂಪಿನಿಂದ ಒತ್ತಡ ಕೊಟ್ಟರೆ ಸೋರುವ ಜಾಗ ತಾನಾಗಿ ಕಾಣುತ್ತದೆ. ಮುಚ್ಚಳವನ್ನೂ ಪರೀಕ್ಷಿಸಲಿ, ಅನುಮಾನ ಇದ್ದರೆ ಹೊಸದು ಹಾಕಿ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಅಲ್ಲಿ ಹನಿ ಅಥವಾ ಒಣಗಿದ ಕೂಲಂಟ್ ಕಲೆ ಕಂಡರೆ ಪಂಪಿನ ಸೀಲ್ ಹೋಗಿದೆ. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ, ಎಷ್ಟು ಗಾಳಿ ತೆಗೆದರೂ ಗುಳ್ಳೆ ನಿಲ್ಲದೆ, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪು ಕಲ್ಲಿನಂತೆ ಬಿಗಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಸಂಶಯ ಪಡಬೇಕು. ಆಗ ಹೀಟರ್ ಕೆಲಸ ಪಕ್ಕಕ್ಕಿಟ್ಟು ಮೊದಲು ಅದನ್ನೇ ಮಾಡಿಸಿ. ಅಲ್ಲಿಯವರೆಗೆ ಆ ಗಾಡಿಗೆ ಲೋಡು ಹಾಕಿ ಘಾಟಿ ಹತ್ತಿಸಬೇಡಿ.